ಹಿರೇಮಠ ಬಾಯಿ ಮತ್ತು ಬಲಗಡೆ ಕೂತ ಇಪ್ಪತ್ತೆರಡು ಮಕ್ಕಳು

ಹಿರೇಮಠ ಬಾಯಿಯವರು ತಾಸಿನ ಅರ್ಧಕ್ಕೆ ಸರಿಯಾಗಿ ಡಸ್ಟರಿನ ಮರದ ಬೆನ್ನಿನಿಂದ ಮೇಜಿನ ಮೇಲೆ ಎರಡು ಸಲ ಕುಟ್ಟುತ್ತಿದ್ದರು. ಕೂಡಲೇ ಒಂಬತ್ತನೆಯ ತರಗತಿಯ ಅಷ್ಟೂ ಬೆಂಚುಗಳಲ್ಲಿ ಕೈಗಳು ಆಡುತ್ತಿದ್ದವು. ಟ್ಯಾಬ್ ಎಡಗಡೆಯವರಿಂದ ಬಲಗಡೆಯವರಿಗೆ ಹೋಗುತ್ತಿತ್ತು. ಎಡಗಡೆಯವರು ವಹಿ, ಅಂದರೆ ನೋಟ್‌ಬುಕ್, ತೆರೆಯುತ್ತಿದ್ದರು. ಮಕ್ಕಳು ನಲವತ್ತನಾಲ್ಕು. ನಾಶಿಕದಿಂದ ಓಝರಿಗೆ ಹೋಗುವ ರಸ್ತೆಯ ಆ ಶಾಲೆಯಲ್ಲಿದ್ದ ಟ್ಯಾಬುಗಳು ಇಪ್ಪತ್ತೆರಡು.

ಅವರದು ಗಣಿತ, ನನ್ನದು ವಿಜ್ಞಾನ. ಅವರು ವಿಜಯಪುರದ ಕಡೆಯವರು. ಗಂಡ ವಿಮಾನ ಕಾರ್ಖಾನೆಯಲ್ಲಿ ತಂತ್ರಜ್ಞರು. ನನ್ನನ್ನು ಅಲ್ಲಿಗೆ ತಂದದ್ದು ಗಂಡನ ಬ್ಯಾಂಕಿನ ವರ್ಗಾವಣೆ. ಸ್ಟಾಫ್ ರೂಮಿನಲ್ಲಿ ಕನ್ನಡದವರು ನಾವಿಬ್ಬರೇ. ಮರಾಠಿಯಲ್ಲಿ ಟೀಚರನ್ನು ಕರೆಯುವಂತೆ ಮಕ್ಕಳಿಗೆ ಅವರು ಬಾಯಿ, ನನಗೆ ಅಕ್ಕಾರು. ನನ್ನನ್ನು ಅವರು 'ಶೈಲಾ, ನೀ' ಎಂದೇ ಮಾತಾಡಿಸುತ್ತಿದ್ದರು.

ಟ್ಯಾಬ್ ಕಂಡರೆ ಅವರಿಗೆ ಸಿಟ್ಟಿತ್ತೆಂದು ಈಗ ಕೆಲವರು ಹೇಳುತ್ತಾರೆ. ಅದು ಸರಿಯಲ್ಲ. ಯೇವಲಾದ ಪೈಠಣಿ ಸೀರೆಯ ನೇಕಾರರೊಬ್ಬರು ಕೊಟ್ಟ ರೇಷ್ಮೆ ಚೂರುಗಳಿಂದ ದಿನವೂ ಟ್ಯಾಬುಗಳ ಗಾಜು ಒರೆಸುತ್ತಿದ್ದವರು ಅವರೇ. "ಟ್ಯಾಬಿಗೆ ಪೈಠಣಿ ಉಡಿಸೂ ಸಾಲಿ ನಮ್ಮದೊಂದ ನೋಡ" ಎಂದು ನಗುತ್ತಿದ್ದರು. ತರಗತಿಗೆ ಬಾರದ ಮಕ್ಕಳಿಗಾಗಿ ಸ್ಟೀಲ್ ಲೋಟಕ್ಕೆ ಫೋನ್ ಆನಿಸಿಟ್ಟು, ಲೆಕ್ಕ ಬಿಡಿಸುವ ತಮ್ಮ ಕೈಯನ್ನಷ್ಟೇ ಚಿತ್ರೀಕರಿಸಿ ಕಳಿಸುತ್ತಿದ್ದರು. ಅವರಿಗೆ ಸೇರದಿದ್ದದ್ದು ಒಂದೇ: ಉತ್ತರ ಒತ್ತಿದೊಡನೆ ಆ್ಯಪ್ ಹೊಡೆಯುತ್ತಿದ್ದ ಚಪ್ಪಾಳೆ. "ನಾ ಇನ್ನೂ ವಹಿ ನೋಡಿಲ್ಲ, ಇದಕ್ಕೇನ ಇಷ್ಟ ಅವಸರ?"

ವಹಿ ಹಿಡಿದವರು ಲೆಕ್ಕ ಬಿಡಿಸಬೇಕು, ಟ್ಯಾಬ್ ಹಿಡಿದವರು ಮನಸ್ಸಿನಲ್ಲೇ ಬಿಡಿಸಬೇಕು, ಇಬ್ಬರ ಉತ್ತರವೂ ಒಂದಾದಾಗ ಮಾತ್ರ ಒತ್ತಬೇಕು. ಇದು ಅವರ ಪದ್ಧತಿ. ಆದರೆ ಆ್ಯಪ್ ಒಂದು ಸಲಕ್ಕೆ ಒಬ್ಬರ ಹೆಸರನ್ನಷ್ಟೇ ತೆಗೆದುಕೊಳ್ಳುತ್ತಿತ್ತು. ಹೆಸರು ಬದಲಿಸಲು ನಮ್ಮ ನೆಟ್‌ವರ್ಕಿನಲ್ಲಿ ಹತ್ತು ನಿಮಿಷ. ಟ್ಯಾಬುಗಳ ಕಪಾಟು, ಚಾರ್ಜಿಂಗು, ರಿಜಿಸ್ಟರು ನನ್ನ ಜವಾಬ್ದಾರಿಯಾಗಿದ್ದವು. "ಎಡಗಡೆಯವರ ಹೆಸರಲ್ಲೇ ಇರ್ಲಿ ಬಿಡ್ರಿ ಅಕ್ಕಾರ" ಎಂದು ಹೇಳಿದವಳು ನಾನು.

ವರ್ಷದ ಕೊನೆಗೆ ಆ್ಯಪಿನಲ್ಲಿ ಬಲಗಡೆಯ ಇಪ್ಪತ್ತೆರಡು ಹೆಸರುಗಳು ಕೆಂಪಾಗಿ, ಮುಂದೆ ಸೊನ್ನೆ ಬಂತು.

ಬೇರೆ ತರಗತಿಗಳಲ್ಲೂ ಇದೇ ಕತೆ. ಸಂಭಾಜಿನಗರದಲ್ಲಿ ನಮ್ಮ ಶಾಲೆ ನಡೆಸುವ ಸಂಸ್ಥೆಯ ಪರಿಶೀಲನಾ ಸಭೆಯಿತ್ತು. ಎಲ್ಲ ಹೆಸರೂ ಹಸಿರಾಗಿರಬೇಕೆಂದು ಮುಖ್ಯಾಧ್ಯಾಪಕರು ಹೇಳಿದರು. ಮೂರು ದಿನ ನಾವು ಶಿಕ್ಷಕರು ಸ್ಟಾಫ್ ರೂಮಿನಲ್ಲಿ ಕೂತು ಮಕ್ಕಳ ಹೆಸರಿನಲ್ಲಿ ಉತ್ತರ ಒತ್ತಿದೆವು. ನಾನೂ ಒತ್ತಿದೆ. ಪ್ರತಿ ಉತ್ತರಕ್ಕೂ ಚಪ್ಪಾಳೆ ಬರುತ್ತಿತ್ತು. ಕೊನೆಗೆ ಯಾರೋ ಧ್ವನಿ ಬಂದ್ ಮಾಡಿದರು.

ಅಕ್ಕಾರು ಬಾಗಿಲಲ್ಲೇ ನಿಂತು ನೋಡಿದರು. "ಪೋರಿ ಮಾಡದ್ದನ್ನ ಪೋರಿ ಮಾಡ್ಯಾಳಂತ ನಾ ಒತ್ತಂಗಿಲ್ಲ. ಟ್ಯಾಬ್ ಅರ್ಧಾ ಅದಾವ ಅಂತ ಹೇಳಿದ್ರ ಮುಗೀತಲ್ಲ, ಶೈಲಾ? ಅದಕ್ಕ್ಯಾಕ ಇಷ್ಟ ತ್ರಾಸ?"

ಸಭೆಗೆ ಅವರು ಕೈಚೀಲದಲ್ಲಿ ಬಲಗಡೆಯವರ ಇಪ್ಪತ್ತೆರಡು ವಹಿ ತುಂಬಿಕೊಂಡು ಬಂದರು. ಅಲ್ಲಿ ನಡೆದದ್ದನ್ನು ಇದ್ದಂತೆ ಬರೆಯುತ್ತೇನೆ. ತೆರೆಯ ಮೇಲೆ ಎಲ್ಲ ತರಗತಿಗಳೂ ಹಸಿರು, ಅವರದು ಅರ್ಧ ಕೆಂಪು. ಈ ಕೆಂಪು ಹೆಸರಿನ ಮಕ್ಕಳನ್ನು ಹತ್ತನೆಯಲ್ಲಿ ಬೇರೆ ತುಕಡಿ ಮಾಡಿ, ಪಾಸಾಗುವಷ್ಟನ್ನು ಮಾತ್ರ ಕಲಿಸಬೇಕೆಂದು ಸಂಸ್ಥೆಯ ಸಂಚಾಲಕರು ಹೇಳಿದರು. ಅಕ್ಕಾರು ಎದ್ದು ನಿಂತು ಮೇಜಿನ ಮೇಲೆ ವಹಿಗಳನ್ನಿಟ್ಟರು. ಸಂಚಾಲಕರು ಅವನ್ನು ತೆರೆಯಲಿಲ್ಲ. "ವಹಿಯಲ್ಲಿ ಯಾರು ಬರೆದದ್ದು ಅಂತ ಹೇಗೆ ಗೊತ್ತಾಗಬೇಕು, ಬಾಯಿ?" ಎಂದರು.

"ಟ್ಯಾಬ್ ಇರೋದೇ ಇಪ್ಪತ್ತೆರಡು. ಶೈಲಾ ಬಾಯಿಯನ್ನು ಕೇಳಿ, ಲೆಕ್ಕ ಅವರ ಹತ್ತಿರ ಇದೆ" ಎಂದು ಅಕ್ಕಾರು ಮರಾಠಿಯಲ್ಲಿ ಹೇಳಿದರು.

ಉಳಿದವು ಆಮೇಲೆ ಬರುತ್ತವೆಂದು ಮುಖ್ಯಾಧ್ಯಾಪಕರು ಹೇಳಿದ್ದರಿಂದ ನಾನು ವರ್ಷದ ಆರಂಭದಲ್ಲೇ ನಲವತ್ತನಾಲ್ಕು ಟ್ಯಾಬ್ ಬಂದಿವೆಯೆಂದು ರಿಜಿಸ್ಟರಿನಲ್ಲಿ ಸಹಿ ಮಾಡಿದ್ದೆ. ಸಂಚಾಲಕರು ನನ್ನನ್ನು ನೋಡಿದರು. ನನ್ನ ತರಗತಿ ಪೂರ್ತಿ ಹಸಿರಾಗಿ ತೆರೆಯ ಮೇಲಿತ್ತು.

"ರಿಜಿಸ್ಟರಿನಲ್ಲಿ ನಲವತ್ತನಾಲ್ಕಿವೆ, ಸರ್" ಎಂದೆ.

ಅಕ್ಕಾರು ವಹಿಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡು ಕೂತರು.

ವಾಪಸು ಬಸ್ಸಿನಲ್ಲಿ ಅಕ್ಕಪಕ್ಕದಲ್ಲೇ ಕೂತಿದ್ದೆವು. ಯೇವಲಾ ದಾಟಿದ ಮೇಲೆ ಅವರು ಡಬ್ಬಿ ತೆಗೆದು ರೊಟ್ಟಿ ಮುರಿದು, ಶೇಂಗಾ ಚಟ್ನಿ ಹಾಕಿ, ಅರ್ಧ ನನ್ನ ಕೈಗಿಟ್ಟರು. "ತಿನ್ರಿ. ಮುಂಜಾನಿಂದ ನೀವೂ ಏನೂ ತಿಂದಿಲ್ಲ." ಅವತ್ತಿನಿಂದ ಅವರು ನನಗೆ 'ನೀ' ಎನ್ನಲಿಲ್ಲ.

ಜೂನಿನಲ್ಲಿ ಅವರನ್ನು ಸಂಸ್ಥೆಯ ಸಟಾಣಾ ಶಾಲೆಗೆ ಹಾಕಿದರು. ಬಲಗಡೆಯ ಮಕ್ಕಳು ಗ್ರಂಥಾಲಯದ ಪಕ್ಕದ ಕೋಣೆಗೆ ಹೋದರು. ಅವರಲ್ಲಿ ಸಾನಿಕಾ ಎಂಬ ಹುಡುಗಿಯಿದ್ದಳು. ಪ್ರಮೇಯಗಳನ್ನು ಇಡೀ ತರಗತಿಗಿಂತ ಮೊದಲು ಬಿಡಿಸುತ್ತಿದ್ದವಳು. ದೀಪಾವಳಿಗೆ ಮುಂಚೆ ವರಾಂಡದಲ್ಲಿ ನನ್ನನ್ನು ನಿಲ್ಲಿಸಿ, "ಬಾಯಿ, ನಮ್ಮದು ಯಾವ ಲೆಕ್ಕ ತಪ್ಪಿತ್ತು? ಒಮ್ಮೆ ತೋರಿಸ್ತೀರಾ?" ಎಂದು ಕೇಳಿದಳು. ಆ ತುಕಡಿಗೆ ಆ ವರ್ಷ ಪ್ರಮೇಯಗಳ ಪಾಠವನ್ನೇ ಬಿಟ್ಟಿದ್ದರು. ನೋಡುತ್ತೇನೆ ಎಂದೆ. ಅಂದೇ ಸಂಚಾಲಕರಿಗೆ ಪತ್ರ ಬರೆದೆ. ಕಪಾಟಿನಲ್ಲಿಟ್ಟೆ. ಮತ್ತೆ ಬರೆದೆ. ಒಂದರಲ್ಲಿ ನನ್ನ ಸಹಿಯ ವಿಷಯ ಬಿಟ್ಟಿದ್ದೆ, ಇನ್ನೊಂದರಲ್ಲಿ ಸ್ಟಾಫ್ ರೂಮಿನ ಮೂರು ದಿನ ಬಿಟ್ಟಿದ್ದೆ. ಎಲ್ಲವನ್ನೂ ಬರೆದ ಪತ್ರವನ್ನು ಮಾರ್ಚಿನಲ್ಲಿ ಸಂಭಾಜಿನಗರಕ್ಕೆ ಹೋಗಿ ಸಂಚಾಲಕರ ಕೈಗೇ ಕೊಟ್ಟೆ. ಅವರು ಎರಡು ಸಲ ಓದಿದರು. ಇನ್ನು ಮುಂದೆ ಆ್ಯಪ್ ನೋಡಿ ತುಕಡಿ ಮಾಡುವುದಿಲ್ಲ ಎಂದರು.

ಮರುದಿನ ಸಟಾಣಾಕ್ಕೆ ಫೋನ್ ಮಾಡಿದೆ.

"ಅಕ್ಕಾರ, ಎಲ್ಲಾ ಬರದ ಕೊಟ್ಟೆ. ಟ್ಯಾಬ್ ಇಪ್ಪತ್ತೆರಡ ಇದ್ವು ಅಂತ. ಅವರು ಒಪ್ಪಿದ್ರು."

"ಚಲೋ ಆತು. ಯಾವಾಗ ಕೊಟ್ಟ್ರಿ?"

"ನಿನ್ನೆ."

ಅವರ ಕಡೆ ಈರುಳ್ಳಿ ಹೇರಿಕೊಂಡ ಟ್ರ್ಯಾಕ್ಟರೇ ಇರಬೇಕು, ಸದ್ದು ಮಾಡುತ್ತ ಹೋಯಿತು. ಅದು ಪೂರ್ತಿ ದೂರವಾಗುವ ತನಕ ಕಾದರು.

"ಹತ್ತನೇದವರ ಬೋರ್ಡ್ ಪರೀಕ್ಷಾದಾಗ ಗಣಿತ ಪೇಪರ ಯಾವಾಗ ಮುಗೀತ್ರಿ?"

"ಹೋದ ವಾರ."

"ಹೂಂ" ಎಂದರು. "ನನ್ನ ಕ್ಲಾಸ್ ಅದ. ಇಡ್ತೀನ್ರಿ."

ಅದಾದ ಮೇಲೆ ನಾವು ಮಾತಾಡಿಲ್ಲ.