ನೊರೆ ಬಂದ ನೆಲ

ಭಾನುವಾರ ಬೆಳಗಾದರೆ ದೊಡ್ಡಮ್ಮನ ಮನೆಯ ಬಚ್ಚಲಿನಿಂದ ಬುಸ್ಸೆನ್ನುವ ಸದ್ದು ಮೆಟ್ಟಿಲ ತಿರುವಿನವರೆಗೂ ಕೇಳುತ್ತಿತ್ತು. ದೊಡ್ಡಪ್ಪ ನೆಲಕ್ಕೆ ಆ್ಯಸಿಡ್ ಸುರಿಯುವ ಹೊತ್ತು ಅದು. ಟೈಲ್ಸ್ ನಡುವಿನ ಸಂದುಗಳಲ್ಲಿ ನೊರೆ ಏಳುತ್ತಿತ್ತು. ಅವರು ಪ್ಯಾಂಟು ಮಡಚಿಕೊಂಡು, ಮಗು ಮೊದಲ ಹೆಜ್ಜೆ ಇಡುವುದನ್ನು ನೋಡುವವರಂತೆ ಅದನ್ನು ನೋಡುತ್ತಿದ್ದರು.

"ನೋಡೇ, ಕೊಳೆ ಹೇಗೆ ಕುದೀತಾ ಇದೆ!"

ಕುದಿಯುತ್ತಿದ್ದದ್ದು ಕೊಳೆಯಲ್ಲ, ಸಂದು ತುಂಬಿದ್ದ ಗ್ರೌಟ್. ಆ ಸಿಮೆಂಟನ್ನು ಆ್ಯಸಿಡ್ ವಾರವಾರವೂ ತಿನ್ನುತ್ತಿತ್ತು. ಹೇಳಿ ಹೇಳಿ ದೊಡ್ಡಮ್ಮನ ಬಾಯಿ ಸವೆಯಿತು, ಸಂದೂ ಸವೆಯಿತು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು ಅವಳು. ಒಂದು ಗೆರೆ ಹೆಚ್ಚಾದರೂ ಗಾಜು ಹಾಳು. ಮನೆಯಲ್ಲಿ ಮಾತ್ರ ಅವಳ ಮಾತಿಗೆ ಆ ಬೆಲೆ ಇರಲಿಲ್ಲ.

ಒಂದು ಸಂಜೆ ಕೆಳಮನೆಯ ಬಾಣಂತಿ ಮೆಟ್ಟಿಲು ಹತ್ತಿ ಬಂದಳು. ಅವಳು ಮಲಗುವ ಕೋಣೆ ಈ ಬಚ್ಚಲಿನ ಅಡಿಗೇ ಇತ್ತು.

"ಅಕ್ಕಾ, ನಿನ್ನೆ ಮಗು ಮುಖದ ಮೇಲೇ ನಿಮ್ಮ ಬಚ್ಚಲ ನೀರು ತೊಟ್ಟಿಕ್ತು. ಹಾಸಿಗೆ ಎಳೆಯೋಕೆ ಇನ್ನು ಮೂಲೆ ಉಳಿದಿಲ್ಲ."

ದೊಡ್ಡಮ್ಮನ ಕಿವಿ ಕೆಂಪಾಯಿತು. "ಇನ್ನೊಂದು ತೊಟ್ಟು ಬೀಳಲ್ಲ. ಇದು ನನ್ನ ಮಾತು" ಅಂದಳು.

ಮರುದಿನ ರಜೆ ಹಾಕಿ ಗ್ರೌಟ್ ತರಲು ಹಾರ್ಡ್‌ವೇರ್ ಅಂಗಡಿಗೆ ಹೊರಟಳು. ಎರಡು ಬೀದಿ ಆಚೆಯ ನಮ್ಮ ಮನೆಯಿಂದ ನಾನೂ ಜೊತೆಯಾದೆ.

"ಬಿಳೀದು ತಗೊಳ್ಳಿ ಅಕ್ಕಾ, ಥಳಥಳ ಅನ್ನುತ್ತೆ" ಅಂದ ಅಂಗಡಿಯವನು.

"ಉಜ್ಜೋಕೆ ನೀನು ಬರ್ತೀಯಾ? ಬೂದುಬಣ್ಣದ್ದು ಕೊಡಪ್ಪ."

ಮನೆಗೆ ಬಂದು ಮೊಣಕಾಲೂರಿ ಹಳೆಯದನ್ನೆಲ್ಲ ಕೆರೆದಳು, ಧೂಳು ತೆಗೆದಳು, ಸಂದು ಒಣಗಲು ಬಿಟ್ಟಳು. ಆಮೇಲೆ ಪುಡಿಗೆ ಸ್ವಲ್ಪ ಸ್ವಲ್ಪವೇ ನೀರು ಸೇರಿಸಿ ಗಟ್ಟಿಯಾಗಿ ಕಲೆಸಿ, ರಬ್ಬರ್ ಹಲಗೆಯನ್ನು ಓರೆಯಾಗಿ ಎಳೆಯುತ್ತ ಸಂದಿನ ತಳದವರೆಗೂ ಒತ್ತಿದಳು. ಹಿಂಡಿದ ಸ್ಪಂಜಿನಿಂದ ಮೆಲ್ಲಗೆ ಒರೆಸಿದಳು. ಮುಗಿದಾಗ ನೆಲದ ಮೇಲೆ ತೆಳುವಾದ ಮಂಜಿನಂಥ ಪುಡಿ ಉಳಿದಿತ್ತು. ಅದನ್ನು ನಾಳೆ ಒಣಬಟ್ಟೆಯಲ್ಲಿ ಉಜ್ಜಿದರಾಯಿತು ಎಂದು ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟಳು. ಗ್ರೌಟ್ ಗಟ್ಟಿಯಾಗುವವರೆಗೆ ಒಂದು ಹನಿ ನೀರೂ ಬೀಳಬಾರದೆಂದು ದೊಡ್ಡಪ್ಪನಿಗೆ ಎರಡು ಸಲ ಹೇಳಿದಳು. ಅವರು ಪತ್ರಿಕೆಯ ಹಿಂದಿನಿಂದ "ಹೂಂ" ಅಂದರು.

ಮರುದಿನ ಸಂಜೆ ದೊಡ್ಡಮ್ಮ ಕೆಲಸದಿಂದ ಬರುವ ಹೊತ್ತಿಗೆ ಕುರ್ಚಿ ಪಕ್ಕಕ್ಕೆ ಸರಿದಿತ್ತು. ಬಾಗಿಲಲ್ಲೇ ಮೂಗಿಗೆ ಘಾಟು ಹೊಡೆಯಿತು.

"ಬಂದ್ಯಾ? ಪುಡಿಯೆಲ್ಲಾ ಹಾಗೇ ಬಿಟ್ಟಿದ್ದೆಯಲ್ಲೇ. ಪಾಪ ಸುಸ್ತಾಗಿರ್ತೀಯ ಅಂತ ನಾನೇ ಆ್ಯಸಿಡ್ ಹಾಕಿ ತೊಳೆದೆ. ಏನ್ ನೊರೆ ಅಂತೀ!"

ದೊಡ್ಡಮ್ಮ ಕುಳಿತು ಸಂದಿಗೆ ಉಗುರು ಒತ್ತಿದಳು. ಒದ್ದೆ ಮರಳಿನಂತೆ ಎದ್ದು ಬಂತು.

"ರೀ, ನಿನ್ನೆ ಹಾಕಿದ ಗ್ರೌಟಲ್ಲಿ ಕೊಳೆ ಎಲ್ಲಿಂದ ಬರುತ್ತೆ?"

"ನೊರೆ ಬಂತಲ್ಲೇ..."

"ನಿಮ್ಮ ನೊರೆಗೆ ಬೆಂಕಿ ಬೀಳ!"

"ಹೋಗ್ಲಿ ಬಿಡು, ಇನ್ನೊಂದ್ಸಲ ಹಾಕಿದ್ರಾಯ್ತು. ನಿಂಗೆ ಹೇಗೂ ಕೈ ಕುದುರಿದೆ."

ಅವಳು ತನ್ನ ಕೈ ನೋಡಿಕೊಂಡಳು. ಕೆರೆದ ಗಾಯಗಳಿನ್ನೂ ಒಣಗಿರಲಿಲ್ಲ. ಎದ್ದು, ಬಚ್ಚಲಿನ ನಲ್ಲಿಯ ವಾಲ್ವನ್ನು ಬಿಗಿಯಾಗಿ ತಿರುಗಿಸಿ ನೀರು ನಿಲ್ಲಿಸಿದಳು.

"ಇನ್ನು ನೀವೇ ಕೆರೀರಿ, ನೀವೇ ತುಂಬಿ. ಅದು ಗಟ್ಟಿಯಾಗೋವರೆಗೂ ನನ್ನ ಸ್ನಾನ ತಂಗಿ ಮನೇಲಿ. ಮೊದಲು ಕೆಳಗೆ ಹೋಗಿ ಆ ಹುಡುಗಿಗೆ ಹೇಳಿ."

"ನಾನಾ? ಹೆಂಗಸರ ಹತ್ರ ನಾನೇನು ಹೇಳಲೇ? ಮಾತು ಕೊಟ್ಟೋಳು ನೀನು."

"ಹೌದು, ಕೊಟ್ಟೋಳು ನಾನೇ. ಮುರಿದೋರು ಯಾರು ಅಂತ ಮಗು ಎದುರಿಗೇ ಹೇಳಿ. ಇಲ್ಲದಿದ್ರೆ ಅದರ ಹಾಸಿಗೆ ತಂದು ನಿಮ್ಮ ಮಂಚದ ಮೇಲೆ ಹಾಕ್ತೀನಿ, ನೀವು ಆ ಸೂರಿನ ಕೆಳಗೆ ಹೋಗಿ ಮಲಗಿ, ಆಗ ಗೊತ್ತಾಗುತ್ತೆ ನಿಮಗೆ..." ಎನ್ನುತ್ತ ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದಳು. "ಮತ್ತೆ ಕಲೆಸುವಾಗ ನೀರೇನಾದರೂ ಜಾಸ್ತಿ ಸುರಿದ್ರೋ, ನಾನಂತೂ ಮತ್ತೆ ಕೆರೆಯೋಕೆ ಬರಲ್ಲ!"