ಅಡುಗೆಮನೆ ಕಿಟಕಿಯ ಸಡಿಲ ಹಿಡಿ

ನಮ್ಮ ಮನೆಯವರಿಗೆ ಸದ್ದೆಂದರೆ ಆಗದು. ಮದುವೆಯಾದ ಹೊಸತರಲ್ಲಿ ಇದನ್ನು ನಾನು ಒಳ್ಳೆಯ ಗುಣವೆಂದೇ ತಿಳಿದಿದ್ದೆ. ಬಾಗಿಲು ಕಿರುಗುಟ್ಟಿದರೆ ಕೀಲಿಗೆ ಕೊಬ್ಬರಿ ಎಣ್ಣೆ ಬಿಡುತ್ತಿದ್ದರು. ನಲ್ಲಿ ತೊಟ್ಟಿಕ್ಕಿದರೆ ವಾಷರ್ ಬದಲಿಸುತ್ತಿದ್ದರು. ಮಂಚ ಅಲುಗಿದರೆ ಅದರ ಕಾಲಿನಡಿ ರಟ್ಟು ಮಡಿಸಿ ಇಡುತ್ತಿದ್ದರು. ಭಾನುವಾರ ಬಂತೆಂದರೆ ಹಳೆಯ ಬಿಸ್ಕತ್ತಿನ ಡಬ್ಬಿ ಹೊರಗೆ ಬರುತ್ತಿತ್ತು. ಅದರ ತುಂಬ ಸ್ಕ್ರೂ, ಮೊಳೆ, ತುಕ್ಕು ಹಿಡಿದ ಚಿಲಕಗಳು. "ಇಂಥಾ ಗಂಡ ಸಿಗಕ್ಕೆ ಪುಣ್ಯ ಮಾಡಿರ್ಬೇಕು ಕಣೇ" ಎಂದು ನನ್ನ ತವರಿನವರು ಹೇಳುವರು, ನಾನೂ ಉಬ್ಬಿಹೋಗುವೆ.

ಮನೆ ಇದ್ದದ್ದು ಮೈಸೂರಿನ ನಜರ್‌ಬಾದಿನ ಹಳೆಯ ಗಲ್ಲಿಯೊಂದರಲ್ಲಿ. ಈಗಲೂ ಅಲ್ಲೇ ಇದ್ದೇವೆ. ನಮ್ಮ ಅಡುಗೆಮನೆಗೂ ಪಕ್ಕದ ಮನೆಯ ಅಡುಗೆಮನೆಗೂ ನಡುವೆ ಒಂದು ಸಂದಿ. ಬೆಕ್ಕಾದರೆ ಆರಾಮಾಗಿ ಹೋಗುತ್ತದೆ, ಮನುಷ್ಯರು ಅಡ್ಡಡ್ಡ ಸರಿಯಬೇಕು. ಸಂದಿಯ ಹಿಂದಿನ ತುದಿಗೆ ನಮ್ಮ ನಲ್ಲಿಕಟ್ಟೆ. ಅಲ್ಲಿಯ ಗೋಡೆಗೆ ಕನ್ನಡಿ ತೂಗುಹಾಕಿ ಇವರು ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತಿದ್ದರು. ಎರಡೂ ಅಡುಗೆಮನೆಗಳ ಕಿಟಕಿಗಳು ಎದುರುಬದುರು. ಹೊರಗೆ ಸರಳು, ಒಳಕ್ಕೆ ತೆರೆಯುವ ಮರದ ಬಾಗಿಲು, ಬಾಗಿಲ ಒಳಮೈಗೆ ಕಬ್ಬಿಣದ ಹಿಡಿ.

ನಮ್ಮ ಹಿಡಿ ಸವೆದು ಸಡಿಲವಾಗಿತ್ತು. ಮರದಲ್ಲಿನ ತೂತು ಅಗಲವಾಗಿ ಸ್ಕ್ರೂಗಳು ಸುಮ್ಮನೆ ಕೂತಿದ್ದವು, ಕಚ್ಚಿಕೊಂಡಿರಲಿಲ್ಲ. ಹೊರಗಿನಿಂದ ಬಾಗಿಲನ್ನು ಸ್ವಲ್ಪ ತಟ್ಟಿದರೆ ಸಾಕು, ಹಿಡಿ ಒಳಗೆ ಕಟಕಟ ಅನ್ನುತ್ತಿತ್ತು. ಪಕ್ಕದ ಮನೆಯದೂ ಅದೇ ಗತಿ. ಆ ಮನೆಯ ಸೊಸೆ ನನ್ನ ವಾರಿಗೆಯವಳು. ನನ್ನ ಹತ್ತಿರ ಮಾತಾಡಬೇಕು ಅನ್ನಿಸಿದಾಗ ಅವಳು ಸರಳಿನ ನಡುವಿನಿಂದ ಉದ್ದನೆಯ ಸೌಟು ತೂರಿಸಿ ನಮ್ಮ ಬಾಗಿಲು ತಟ್ಟುವಳು. ಹಿಡಿ ಕಟಕಟ ಅನ್ನುವುದು. ನಾನು ಒಲೆ ಸಣ್ಣ ಮಾಡಿ ಕಿಟಕಿ ತೆಗೆಯುವೆ. ನನಗೆ ಮಾತಾಡಬೇಕಾದಾಗ ನನ್ನ ಸೌಟು ಅತ್ತ ಹೋಗುವುದು. ಕರಿಬೇವು, ಹುಣಸೆಹಣ್ಣು, ಓದಿದ ವಾರಪತ್ರಿಕೆ, ಅತ್ತೆಯರ ಮೇಲಿನ ದೂರು, ಎಲ್ಲ ಆ ಸರಳುಗಳ ನಡುವೆಯೇ ಓಡಾಡುತ್ತಿದ್ದವು.

"ಈ ಹಿಡಿದೊಂದು ಸದ್ದು ಉಳ್ಕೊಬುಟ್ಟಿದೆ ನೋಡು" ಎಂದು ಇವರು ಡಬ್ಬಿ ಹಿಡಿದು ಬಂದಾಗಲೆಲ್ಲ ನಾನು ಅಡ್ಡ ನಿಲ್ಲುತ್ತಿದ್ದೆ. "ಅದಿರ್ಲಿ ಬುಡ್ರೀ, ಅದು ನನ್ನ ಕಾಲಿಂಗ್ ಬೆಲ್ಲು" ಅನ್ನುತ್ತಿದ್ದೆ. ಇವರು ನಕ್ಕು ಬೇರೆ ಕಿಟಕಿಗೆ ಹೋಗುತ್ತಿದ್ದರು.

ತೊಂಬತ್ತರ ದಶಕದ ನಡುವಿನ ಮಾತಿದು. ಮಕ್ಕಳಿಬ್ಬರೂ ಶಾಲೆಗೆ ಹೋಗತೊಡಗಿದ್ದರು. ಮದುವೆಗೆ ಮುಂಚೆ ನಾನು ಸಣ್ಣ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು. ಆ ಗಲಾಟೆ, ಆ ಸೀಮೆಸುಣ್ಣದ ಧೂಳು, "ಮಿಸ್, ಮಿಸ್" ಎಂದು ಸೆರಗು ಎಳೆಯುವುದು, ಇದೆಲ್ಲ ನನಗೆ ಬೇಕಾಗಿತ್ತು. ಬದುಕಿನಲ್ಲಿ ನಾನು ಚೆನ್ನಾಗಿ ಮಾಡಬಲ್ಲ ಕೆಲಸ ಅದೊಂದೇ ಎಂದು ನನಗೆ ಗೊತ್ತಿತ್ತು. ನಮ್ಮತ್ತೆಗೆ ಮಾತ್ರ ಸೊಸೆ ಹೊಸಿಲು ದಾಟಿ ದುಡಿಯುವುದೆಂದರೆ ಮನೆಯ ಮಾನ ಹೋದ ಹಾಗೆ. ಅಂಥ ಮಾತು ಎತ್ತಿದರೆ ಊಟ ಬಿಟ್ಟು ಮಲಗಿಬಿಡುತ್ತಿದ್ದರು.

ಆ ಬೇಸಿಗೆಯಲ್ಲಿ ಕೆಸರೆಯ ಕಡೆ ಹೊಸದಾಗಿ ಒಂದು ಪುಟ್ಟ ಶಾಲೆ ತೆರೆಯುವರೆಂದು ತಿಳಿಯಿತು. ನೆಂಟರ ಮನೆಗೆ ಹೋಗಿಬರುವ ನೆಪ ಮಾಡಿ ಹೋಗಿ ಮುಖ್ಯೋಪಾಧ್ಯಾಯಿನಿಯನ್ನು ಕಂಡೆ. ಅವರಿಗೆ ನಾನು ಹಿಡಿಸಿದೆ. "ಶಾಲೆ ಶುರುವಾಗೋ ದಿನ ಬಂದು ಸೇರ್ಕೊಳಿ" ಎಂದರು. ಮನೆಗೆ ಬಂದವಳೇ ಸೌಟು ತೂರಿಸಿದೆ. ಇಡೀ ಮೈಸೂರಿನಲ್ಲಿ ಅವಳೊಬ್ಬಳಿಗೆ ಹೇಳಿದೆ. ಗಂಡನಿಗೂ ಹೇಳಲಿಲ್ಲ, ಮೊದಲು ಧೈರ್ಯ ತಂದುಕೊಂಡು ಆಮೇಲೆ ಹೇಳೋಣ ಎಂದಿದ್ದೆ. ಅವಳಂತೂ ನನಗಿಂತ ಹೆಚ್ಚು ಕುಣಿದಾಡಿದಳು. ದಿನಾ ಬೆಳಿಗ್ಗೆ ಕಟಕಟ, ದಿನಾ ಅದೇ ಮಾತು. ಯಾವ ಸೀರೆ, ಯಾವ ಬಸ್ಸು, ಅತ್ತೆಗೆ ಹೇಗೆ ಹೇಳುವುದು.

ಶಾಲೆ ಶುರುವಾಗುವ ಮುಂಚಿನ ಭಾನುವಾರ ನಾನು ಮಕ್ಕಳನ್ನು ಕರೆದುಕೊಂಡು ಅಶೋಕಪುರಂನಲ್ಲಿದ್ದ ಅಕ್ಕನ ಮನೆಗೆ ಹೋಗಿದ್ದೆ. ಸಂಜೆ ಬಂದಾಗ ಇವರು ಅಡುಗೆಮನೆಯಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. ಕಿಟಕಿಗೆ ಹೊಸ ಹಿಡಿ. ಅಗಲವಾಗಿದ್ದ ತೂತಿಗೆ ಬೆಂಕಿಕಡ್ಡಿ ತುರುಕಿ ಸ್ಕ್ರೂ ಬಿಗಿದಿದ್ದರು. ಅಲುಗಾಡಿಸಿದೆ, ಜಪ್ಪಯ್ಯ ಅನ್ನಲಿಲ್ಲ.

"ಯಾಕ್ರೀ ಹಾಕಿದ್ರಿ? ಬೇಡ ಅಂದಿರ್ಲಿಲ್ವಾ?" ಎಂದೆ.

"ಪಕ್ಕದ್ಮನೆಯವ್ರೇ ಕೇಳಿದ್ರು ಕಣೇ. ಅವ್ರ ಕಿಟಕಿದು ಸದ್ದು ತಡೆಯಕ್ಕಾಗಲ್ಲ, ಒಂಚೂರು ಬಿಗಿ ಮಾಡ್ಕೊಡಿ ಅಂದ್ರು. ಅದನ್ನ ಮಾಡ್ದೆ, ಹಂಗೇ ನಮ್ದೂ ಮಾಡ್ಬುಟ್ಟೆ."

ಸದ್ದು ತಡೆಯಲಾಗುವುದಿಲ್ಲವಂತೆ! ಸೌಟು ತೂರಿಸಿ ಅವಳ ಬಾಗಿಲು ತಟ್ಟಿದೆ. ಮರದ ಮೇಲೆ ಮಂದವಾಗಿ ಟಪ್ ಎಂದಿತು, ಅಷ್ಟೆ. ಇನ್ನೂ ಎರಡು ಸಲ ತಟ್ಟಿದೆ. ಕಿಟಕಿ ತೆರೆಯಲಿಲ್ಲ.

ಶಾಲೆ ಶುರುವಾದ ದಿನ ಬೆಳಿಗ್ಗೆ ಅತ್ತೆಯ ಮುಂದೆ ನಿಂತು, ಹೀಗೆ ಕೆಲಸಕ್ಕೆ ಹೋಗುತ್ತಿದ್ದೇನೆ ಎಂದೆ. ಅವರು ಬಾಯಿ ತೆರೆಯುವ ಮುಂಚೆ ಬೀದಿಗಿಳಿದೆ. ಕೆಸರೆಯ ಬಸ್ಸಿನಲ್ಲಿ ಕೂತಾಗ ಖುಷಿಯಿತ್ತು. ಶಾಲೆಯ ಜಗಲಿಯಲ್ಲಿ ಮುಖ್ಯೋಪಾಧ್ಯಾಯಿನಿ ಎದುರಾದರು. ನನ್ನನ್ನು ನೋಡಿ ಅವರಿಗೆ ಗಾಬರಿ. "ನೀವು ಬರಲ್ಲ ಅಂತ ಹೇಳಿ ಕಳ್ಸಿದ್ರಲ್ಲ! ನಿಮ್ಮ ಸ್ನೇಹಿತೆ ಬಂದು ಸೇರ್ಕೊಂಡಿದ್ದಾರಲ್ಲಮ್ಮ" ಎಂದರು. ಒಳಗಿನ ಕೋಣೆಯಿಂದ ಮಕ್ಕಳಿಗೆ ಹಾಡು ಹೇಳಿಕೊಡುವ ದನಿ ಬರುತ್ತಿತ್ತು. ದಿನವೂ ಸರಳಿನ ನಡುವೆ ಕೇಳುತ್ತಿದ್ದ ದನಿ ಅದು. ನಾನು ಒಳಗೆ ಇಣುಕಲಿಲ್ಲ. ತಪ್ಪು ತಿಳುವಳಿಕೆಯಾಯಿತು ಎಂದು ಹೇಳಿ ಬಂದ ದಾರಿಯಲ್ಲೇ ಹಿಂದಿರುಗಿದೆ.

ಅಂದು ಸಂಜೆ ಇವರ ಮುಂದೆ ಕೂತು ಎಲ್ಲ ಹೇಳಿ ಬಿಕ್ಕಿಬಿಕ್ಕಿ ಅತ್ತೆ. ಇವರು ಕದಲದೆ ಕೇಳಿದರು. ಎದ್ದು ಹೋಗಿ ತಾವೇ ಕಾಫಿ ಮಾಡಿ ತಂದರು. "ಹೋಗ್ಲಿ ಬುಡು. ಈ ಕಾಲ್ದಲ್ಲಿ ಯಾರನ್ನೂ ನಂಬ್ಬಾರ್ದು ಕಣೇ" ಎಂದು ತಲೆ ಸವರಿದರು. ನನ್ನ ಮೇಲೆ ಕೂಗಾಡುತ್ತಿದ್ದ ಅತ್ತೆಯನ್ನೂ ಅವರೇ ಸಮಾಧಾನ ಮಾಡಿದರು. ಆ ಕಾಫಿಯ ಋಣವನ್ನು ನಾನು ವರ್ಷಗಟ್ಟಲೆ ನೆನೆದೆ. ಯಾರು ಕೈಬಿಟ್ಟರೂ ಈ ಮನುಷ್ಯ ನನ್ನ ಕೈಬಿಡಲಿಲ್ಲ ಎಂದು ಅಕ್ಕನ ಬಳಿ ಹೇಳಿಕೊಂಡದ್ದೂ ಉಂಟು.

ಆಮೇಲೆ ಆ ಕಿಟಕಿಯನ್ನು ನಾನು ತೆರೆಯಲಿಲ್ಲ. ಒಗ್ಗರಣೆಯ ಹೊಗೆಗೆ ಕಣ್ಣು ಉರಿದರೂ ತೆರೆಯಲಿಲ್ಲ. ಬೀದಿಯಲ್ಲಿ ಅವಳು ಎದುರಾದರೆ ಮುಖ ತಿರುಗಿಸುತ್ತಿದ್ದೆ. ಒಂದೆರಡು ಸಲ ಅವಳೇ ನಿಂತು ಬಾಯಿ ತೆರೆದಳು, ನಾನು ನಿಲ್ಲಲಿಲ್ಲ. ಕೊನೆಗೆ ಅವಳೂ ನಿಲ್ಲುವುದನ್ನು ಬಿಟ್ಟಳು. ಬೇರೆ ಶಾಲೆಗಳೂ ತೆರೆದವು. ನನಗೆ ಮತ್ತೆ ಹೋಗಿ ಕೇಳುವ ಮನಸ್ಸಾಗಲಿಲ್ಲ. ನನ್ನ ಕಣ್ಣಿಗೇ ನಾನು ಅಷ್ಟು ಸಣ್ಣವಳಾಗಿಬಿಟ್ಟಿದ್ದೆ.

ಅತ್ತೆ ತೀರಿಕೊಂಡರು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಊರಲ್ಲೆಲ್ಲ ಮರದ ಕಿಟಕಿ ಕಿತ್ತು ಅಲ್ಯೂಮಿನಿಯಂ ಹಾಕಿಸುವ ಹುಚ್ಚು. ಅವಳ ಮನೆಯಲ್ಲೂ ಕೆಲಸ ಶುರುವಾಯಿತು. ಒಂದು ದಿನ ಕಿತ್ತ ಸುಣ್ಣದ ಧೂಳು ಒಳಗೆ ಬರುತ್ತಿದೆಯೆಂದು ಗೋಣಿತಟ್ಟು ಕಟ್ಟಲು ನಮ್ಮ ಕಿಟಕಿಯನ್ನು ನಾನು ತೆರೆಯಲೇಬೇಕಾಯಿತು. ಎದುರಿಗೆ ಚೌಕಟ್ಟೂ ಇರಲಿಲ್ಲ, ಸರಳೂ ಇರಲಿಲ್ಲ. ಗೋಡೆಯಲ್ಲೊಂದು ದೊಡ್ಡ ತೂತು, ಅದರೊಳಗೆ ಅವಳು. ಕೂದಲು ನೆರೆತಿತ್ತು.

"ಇನ್ನೂ ಕೋಪ ಹೋಗಿಲ್ವೇನೇ?" ಎಂದಳು.

"ನನ್ನ ಅನ್ನ ಕಿತ್ಕೊಂಡೋಳ ಹತ್ರ ನನಗೇನು ಮಾತು?" ಎಂದೆ. ಅಷ್ಟು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಮಾತು ಅದು.

ಅವಳ ಮುಖ ಬಿಳಿಚಿಕೊಂಡಿತು. "ಕಿತ್ಕೊಂಡೆನಾ? ನೀನೇ ಕೊಟ್ಟಿದ್ದಲ್ವೇನೇ? ಅವತ್ತು ಭಾನ್ವಾರ ನಿಮ್ಮನೆಯವ್ರು ಬಂದು ಹೇಳಿದ್ರು. ನೀನು ಮನಸ್ಸು ಬದಲಾಯ್ಸಿದ್ದೀಯ, ಬಾಯ್ಬಿಟ್ಟು ಹೇಳಕ್ಕೆ ನಾಚ್ಕೆ, ಆ ಜಾಗಕ್ಕೆ ನಾನು ಹೋಗ್ಬೇಕು ಅಂತ ನಿನ್ನಾಸೆ ಅಂತ. ಅವ್ಳ ಹತ್ರ ಈ ಮಾತು ಎತ್ತಬೇಡಿ, ನೊಂದ್ಕೋತಾಳೆ ಅಂದ್ರು. ಶಾಲೇಲೂ ಅದನ್ನೇ ಹೇಳ್ದೆ ನಾನು."

"ಹಿಡಿ ಬಿಗಿ ಮಾಡ್ಸಿಕೊಂಡೆಯಲ್ಲ, ಸದ್ದು ತಡೆಯಕ್ಕಾಗಲ್ಲ ಅಂತ?"

"ನಾನೆಲ್ಲಿ ಕೇಳ್ದೆ? ಆ ಕಟಕಟ ಕೇಳಿದ್ರೆ ನಿನಗೆ ತಲೆನೋವು ಬರುತ್ತೆ ಅಂತ ಅವ್ರೇ ಬಂದು ಬಿಗ್ದು ಹೋದ್ರು. ಇನ್ಮೇಲೆ ನಿನಗೆ ನನ್ನ ಮಾತು ಬೇಡ ಅಂತ ತಿಳ್ಕೊಂಡೆ ಕಣೇ."

ಇವರಿಗೆ ಹೇಗೆ ಗೊತ್ತಾಯಿತೆಂದು ಕೇಳಬೇಕಾಗಿಯೇ ಇರಲಿಲ್ಲ. ಸಂದಿಯ ತುದಿಯ ಕನ್ನಡಿ ಅಲ್ಲೇ ಕಾಣುತ್ತಿತ್ತು. ನಾವಿಬ್ಬರೂ ಸೀರೆಯ ಬಣ್ಣ ಆರಿಸುತ್ತಿದ್ದಾಗ ಈ ಮಹಾನುಭಾವರು ಅಲ್ಲಿ ಕೆನ್ನೆಗೆ ಸೋಪು ಹಚ್ಚಿಕೊಂಡು ಎಲ್ಲ ಕೇಳಿಸಿಕೊಂಡಿದ್ದರು.

ಹಜಾರಕ್ಕೆ ಬಂದೆ. ಇವರು ಪೇಪರು ಓದುತ್ತಿದ್ದರು. ನೇರವಾಗಿ ಕೇಳಿದೆ. ಪೇಪರನ್ನು ಸದ್ದಾಗದ ಹಾಗೆ ಮಡಿಸಿಟ್ಟರು.

"ಅದೆಲ್ಲ ಹಳೇದು, ಈಗ್ಯಾಕೆ?"

"ಹೌದೋ ಅಲ್ವೋ ಹೇಳಿ."

"ಅಮ್ಮ ಸುಮ್ನಿರ್ತಿದ್ರಾ? ದಿನಾ ರಂಪ ಆಗೋದು. ಪಕ್ಕದ್ಮನೆಯವ್ರಿಗೂ ಒಂದು ಕೆಲ್ಸ ಬೇಕಾಗಿತ್ತು. ಯಾರಿಗೂ ಏನೂ ನಷ್ಟ ಆಗ್ಲಿಲ್ವಲ್ಲ. ಮನೇಲಿ ಸದ್ದಾಗ್ಬಾರ್ದು ಅಂತ ಮಾಡ್ದೆ ಕಣೇ, ಅಷ್ಟೇಯ."

ಯಾರಿಗೂ ನಷ್ಟವಾಗಲಿಲ್ಲವಂತೆ. ಆ ಮನುಷ್ಯನ ಲೆಕ್ಕದಲ್ಲಿ ನಾನು ಯಾರೂ ಅಲ್ಲ ಎಂದು ಅವತ್ತು ತಿಳಿಯಿತು. ಕೆಲಸ ತಪ್ಪಿಸಿದ್ದನ್ನಾದರೂ ಅಮ್ಮನಿಗೆ ಹೆದರಿ ಮಾಡಿದರು ಎಂದುಕೊಳ್ಳಬಹುದಿತ್ತು. "ನಾನು ಅತ್ತಾಗ ಅಲ್ಲೇ ಕೂತಿದ್ರಲ್ರೀ. ಯಾರನ್ನೂ ನಂಬ್ಬಾರ್ದು ಅಂದ್ರಲ್ರೀ" ಎಂದೆ.

ಇವರು ಎದ್ದು ನಿಂತು, "ಕಾಫಿ ಮಾಡ್ಕೊಂಡ್ ಬರ್ಲಾ?" ಎಂದರು.

ನಾನು ಬಿಸ್ಕತ್ತಿನ ಡಬ್ಬಿ ತೆಗೆದುಕೊಂಡು ಅಡುಗೆಮನೆಗೆ ಹೋದೆ. ಸ್ಕ್ರೂ ತಿರುಗಿಸಲು ನನಗೂ ಬರುತ್ತದೆ, ಯಾರೂ ಕೇಳಿರಲಿಲ್ಲ ಅಷ್ಟೆ. ಹಿಡಿ ಬಿಚ್ಚಿ, ತೂತುಗಳಲ್ಲಿದ್ದ ಬೆಂಕಿಕಡ್ಡಿಗಳನ್ನು ಪಿನ್ನಿನಿಂದ ಕೆದಕಿ ಹೊರಗೆಳೆದೆ. ಮತ್ತೆ ಹಾಕಿದಾಗ ಸ್ಕ್ರೂಗಳು ಸುಮ್ಮನೆ ಕೂತವು, ಕಚ್ಚಿಕೊಳ್ಳಲಿಲ್ಲ.

ಅವಳ ಮನೆಗೆ ಅತ್ತಿತ್ತ ಜಾರುವ ಗಾಜಿನ ಕಿಟಕಿ ಬಂತು. ನಮ್ಮದು ಮರದ್ದೇ ಇರಲಿ ಎಂದೆ. ಅವಳು ಅದೇ ಶಾಲೆಯಲ್ಲಿದ್ದಾಳೆ. ಸಂಜೆ ಬಂದು ಮಕ್ಕಳ ತುಂಟಾಟ ಹೇಳುತ್ತಾಳೆ. ಕೇಳುವಾಗ ನನಗೆ ಹೊಟ್ಟೆ ಉರಿಯುತ್ತದೆ, ಹಾಗೆಂದು ಅವಳಿಗೇ ಹೇಳಿದ್ದೇನೆ. ಅವಳು ತಲೆ ತಗ್ಗಿಸುತ್ತಾಳೆ, ಆಮೇಲೆ ಇಬ್ಬರೂ ಬೇರೆ ಮಾತಿಗೆ ಹೊರಳುತ್ತೇವೆ.

ಅವಳ ಸೌಟು ಬಾಗಿಲು ತಟ್ಟಿದಾಗಲೆಲ್ಲ ಹಜಾರದಲ್ಲಿ ಪೇಪರು ಕೆಳಗಿಳಿಯುತ್ತದೆ. ಒಂದು ಭಾನುವಾರ ಇವರು ಸ್ಕ್ರೂಡ್ರೈವರ್ ಹಿಡಿದು ಅಡುಗೆಮನೆಯ ಬಾಗಿಲವರೆಗೂ ಬಂದರು. ನಾನು ತಿರುಗಿ ನೋಡಿದೆ. ಅವರು ಹಾಗೇ ವಾಪಸ್ಸು ಹೋಗಿ ಕೂತರು, ನಾನು ಕಿಟಕಿ ತೆರೆದೆ.