ಕೀಲಿಕೈ ಜೊತೆ ಬಂದ ಭೂತಪ್ಪ

ಭದ್ರಾವತಿಯ ಹೊಳೆ ಕಡೆ ಇರೋ ಆ ಮರದ ಮನೆಗೆ ಪಾರಂಪರಿಕ ಕಟ್ಟಡ ಅಂತ ಸರ್ಕಾರದ ಬೋರ್ಡು ಬಂದಾಗಿನಿಂದ ಪುಷ್ಪಮ್ಮನಿಗೆ ಹೆಮ್ಮೆ ಎಷ್ಟೋ ಸಿಟ್ಟೂ ಅಷ್ಟೇ. ನಮ್ಮದೇ ಗೋಡೆಗೆ ಒಂದು ಮೊಳೆ ಹೊಡೆಯೋಕೂ ಶಿವಮೊಗ್ಗದ ಆಫೀಸಿನ ಅಪ್ಪಣೆ ಬೇಕು ಅಂದರೆ ಯಾರಿಗೆ ಉರಿಯಲ್ಲ ಹೇಳಿ!

ನಾಟಾ ವ್ಯಾಪಾರದ ಇಂಗ್ಲಿಷ್ ದೊರೆಯೊಬ್ಬ ಕಟ್ಟಿಸಿದ ಮನೆ ಅದು. ನೆಲ, ಗೋಡೆ, ಮೆಟ್ಟಿಲು ಎಲ್ಲಾ ಸಾಗುವಾನಿ. ದೊರೆ ಹೊರಟುಹೋದ ಮೇಲೆ ಶ್ರೀನಿವಾಸಮೂರ್ತಿ ಅನ್ನೋ ಅಧಿಕಾರಿಗಳು ಕೊಂಡರು. ಅವರ ಹೆಂಡತಿ ಸರಸ್ವತಮ್ಮ ಮಹಾ ಮಡಿ. ದೊರೆ ಮಾಂಸ ಬೇಯಿಸಿದ ಅಡುಗೆಮನೆ ಅಂತ ತಿಂಗಳುಗಟ್ಟಲೆ ಗಂಜಲ ಹಾಕಿ ತೊಳೆಸಿದರಂತೆ. ಹಿತ್ತಲ ಹಲಸಿನ ಬುಡದಲ್ಲಿ ಪಾಚಿ ಹಿಡಿದ ಒಂದು ಕಲ್ಲಿತ್ತು. ದೊರೆ ಕಾಲದ ಮುದುಕ ಮಾಲಿ ಅದಕ್ಕೆ ದಿನಾ ಹೂ ಇಡೋದನ್ನು ಆಕೆ ಕಂಡರು. ಜಾಗ ಕಾಯೋ ಭೂತಪ್ಪನೇ ಇರಬೇಕು ಅಂದುಕೊಂಡು ಎಣ್ಣೆ ಹಚ್ಚಿ ಕುಂಕುಮ ಇಟ್ಟೇಬಿಟ್ಟರು. ಮಾಲಿಯಾದರೂ ಬಾಯಿ ಬಿಟ್ಟನಾ? ಅಮ್ಮಾವ್ರೇ ಕೈ ಮುಗಿದ ಮೇಲೆ ನನಗ್ಯಾಕೆ ಅಂತ ಸುಮ್ಮನಾದ.

ಮುಂದೆ ಮಲವಗೊಪ್ಪದ ರೈತ ಕರಿಯಣ್ಣ ಆ ಮನೆ ಕೊಂಡು ಮಗ ಸೊಸೆಯನ್ನು ತಂದಿರಿಸಿದ. ಆ ಸೊಸೆಯೇ ಪುಷ್ಪಮ್ಮ. ಸರಸ್ವತಮ್ಮ ಕೀಲಿಕೈ ಕೊಡುವಾಗ ಅವಳನ್ನು ಪಕ್ಕಕ್ಕೆ ಕರೆದು, "ಅಮಾವಾಸ್ಯೆ ಎಡೆ ತಪ್ಪಿಸಬೇಡಮ್ಮಾ. ಕಾಯಿ, ಬೆಲ್ಲ ಅಷ್ಟೇ. ಕೋಳಿ ಗೀಳಿ ಅಂತ ಹೋಗಬೇಡ, ಇದು ಸಾತ್ವಿಕ ಭೂತಪ್ಪ" ಅಂದರು. ಪುಷ್ಪಮ್ಮ ಆಗಲಿ ಅಂತ ತಲೆ ಅಲ್ಲಾಡಿಸಿದಳು.

ಗಂಡ ತಿಮ್ಮೇಶಪ್ಪನಿಗೆ ಕಾರ್ಖಾನೆ ಕೆಲಸ. ಅವನಿಗೆ ರಾತ್ರಿ ಪಾಳಿ ಬಂತು ಅಂದರೆ ಇವಳ ಎದೆ ಡವಡವ. ಮರದ ಮನೆ ಸುಮ್ಮನಿರುತ್ತಾ? ಹಗಲ ಬಿಸಿಲಿಗೆ ಕಾದ ಹಲಗೆ ಕತ್ತಲಾದರೆ ಕಟಕಟ ಅನ್ನೋದು, ಯಾರೋ ಮೆಟ್ಟಿಲು ಹತ್ತಿದ ಹಾಗೆ. ಅದಕ್ಕೇ ದೀಪ ಹಚ್ಚೋ ಹೊತ್ತಿಗೆ ಕಲ್ಲಿನ ಹತ್ತಿರ ಹೋಗಿ, "ನೋಡು ಮಾರಾಯ, ನನಗೆ ಚಿನ್ನ ಬೇಡ, ಬೆಳ್ಳಿ ಬೇಡ. ಬಾಗಿಲು ನೋಡ್ಕೋ, ಸಾಕು" ಅಂತಿದ್ದಳು. ಆಮೇಲೆ ಗೊರಕೆ ಹೊಡೆದು ನಿದ್ದೆ. ಗಂಡ ತೀರಿಕೊಂಡ ಮೇಲೂ ಆ ಮಾತು ನಿಲ್ಲಲಿಲ್ಲ.

ಮೊನ್ನೆ ಶಿವಮೊಗ್ಗದ ಆಫೀಸಿಂದ ಪ್ರಿಯದರ್ಶಿನಿ ಅನ್ನೋ ಹುಡುಗಿ ಮನೆಯ ಫೋಟೋ ತೆಗೆಯೋಕೆ ಬಂದಳು. ಕಲ್ಲಿನ ಮೇಲೆ ಬೆರಳು ಗಾತ್ರ ಕೂತಿದ್ದ ಜಿಡ್ಡನ್ನು ಬಿಸಿನೀರಲ್ಲಿ ಉಜ್ಜಿಸಿದಳು. ಇಂಗ್ಲಿಷ್ ಅಕ್ಷರ ಎದ್ದವು.

"ಅಮ್ಮಾ, ಇದು ಸಮಾಧಿ ಕಲ್ಲು. ನನ್ನ ನಾಯಿ ರೋವರ್ ಇಲ್ಲಿ ಮಲಗಿದೆ ಅಂತ ಬರೆದಿದೆ."

ಸೊಸೆ ಸುಷ್ಮಾಗೆ ನಗು ತಡೆಯೋಕಾಗಲಿಲ್ಲ. "ಅಯ್ಯೋ ಅತ್ತೆ, ಇಷ್ಟು ವರ್ಷ ನಾಯಿಗೆ ಕಾಯಿ ಒಡೆದ್ರಾ!"

"ಅಪರೂಪದ ಕಲ್ಲು ಇದು, ಇಲ್ಲಿದ್ದರೆ ಮತ್ತೆ ಎಣ್ಣೆ ಸುರೀತೀರ. ನಾಳೆ ಆಳು ಕಳಿಸ್ತೀನಿ, ಮ್ಯೂಸಿಯಂಗೆ ಹೋಗಲಿ" ಅಂದಳು ಪ್ರಿಯದರ್ಶಿನಿ.

ಪುಷ್ಪಮ್ಮನಿಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಕಷ್ಟ ಸುಖ ಎಲ್ಲಾ ಹೇಳಿಕೊಂಡದ್ದು ನಾಯಿ ಹತ್ತಿರವಾ? ಅವತ್ತು ಸಂಜೆ ಅವಳು ಹಿತ್ತಲ ಕಡೆ ತಲೆ ಹಾಕಲಿಲ್ಲ. ಆದರೆ ಹಲಗೆ ಕಟಕಟ ಅಂದಾಗ, ಎಷ್ಟೋ ವರ್ಷಗಳ ಮೇಲೆ, ಹೆದರಿಕೆ ಆಯಿತು. ಮಗ ಸೊಸೆ ಪಕ್ಕದ ಕೋಣೆಯಲ್ಲೇ ಇದ್ದರೂ ಆಯಿತು.

ಬೆಳಗ್ಗೆ ಪ್ರಿಯದರ್ಶಿನಿ ಜೊತೆ ಆಳುಗಳು ಹಾರೆ ಹಿಡಿದು ಬಂದಾಗ ಪುಷ್ಪಮ್ಮ ಕಲ್ಲಿಗೆ ಅಡ್ಡ ನಿಂತಳು.

"ಅಲ್ಲ ಕಣಮ್ಮಾ, ಈ ಮನೆಯ ಒಂದು ಹಲಗೆ ಕದಲಿಸಬಾರದು ಅಂದೋರು ನೀವೇ ತಾನೇ? ಇದು ಮನೇದಲ್ವಾ? ನಾನು ಇದರ ಹತ್ರ ಮಕ್ಕಳು ಕೊಡು ಅಂದೆನಾ, ದುಡ್ಡು ಕೊಡು ಅಂದೆನಾ? ಬಾಗಿಲು ನೋಡ್ಕೋ ಅಂದೆ, ನೋಡ್ಕೊಂಡ್ತು. ನಿಮ್ಮ ಮ್ಯೂಸಿಯಂನಲ್ಲಿ ಯಾರ ಬಾಗಿಲು ನೋಡಬೇಕು ಅದು?"

ಪ್ರಿಯದರ್ಶಿನಿ ಆಳುಗಳ ಹಾರೆ ಕೆಳಗಿಡಿಸಿದಳು. "ಎಣ್ಣೆ ಮಾತ್ರ ಹಚ್ಚಬೇಡಿ ಅಮ್ಮಾ" ಅಂದು ಆಳುಗಳನ್ನು ವಾಪಸ್ ಕರೆದುಕೊಂಡು ಹೋದಳು.

ಅಮಾವಾಸ್ಯೆ ಬಂತು. ಪುಷ್ಪಮ್ಮ ಎಣ್ಣೆ ಹಚ್ಚಲಿಲ್ಲ, ಕಾಯಿ ಒಡೆಯಲಿಲ್ಲ. ನಾಟಿಕೋಳಿ ಸಾರು ಮಾಡಿ, ಎಲೆ ತುಂಬಾ ಅನ್ನ ಕಲಸಿ, ದಪ್ಪ ಮೂಳೆಗಳನ್ನೇ ಆರಿಸಿ ಕಲ್ಲಿನ ಮುಂದೆ ಇಟ್ಟಳು.

"ಪಾಪ, ಕಾಯಿ ಬೆಲ್ಲ ಇಟ್ಟು ಇಷ್ಟು ವರ್ಷ ಉಪವಾಸ ಕೆಡವಿದ್ನಲ್ಲೋ ನಿನ್ನ. ತಿನ್ನು ಮಗಾ" ಅಂದಳು, ಕಣ್ಣಲ್ಲಿ ನೀರು.

ಸುಷ್ಮಾ ಈ ಸಲ ನಗಲಿಲ್ಲ. ಒಳಗೆ ಹೋಗಿ ಒಂದು ಬಟ್ಟಲು ನೀರು ತಂದು ಎಲೆ ಪಕ್ಕದಲ್ಲಿಟ್ಟಳು.